ಮಡಕೆಯ ಹೊಗೆ

"ಕಣ್ಣ ಮುಚ್ಚಿ ಕುಡೀಬೇಕು ನೋಡಪಾ, ಮೋಸ ಮಾಡಬ್ಯಾಡ" ಎಂದು ನಿಂಗರಾಜ ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು ಮಡಿವಾಳೆಪ್ಪನ ಮೂಗಿನ ಮುಂದೆ ಹಿಡಿದ. ನಿಂಗರಾಜ ಬಸ್ ಕಂಡಕ್ಟರ್. ಅವನ ಡಬ್ಬಿಯಲ್ಲಿ ರೊಟ್ಟಿ ಇರುತ್ತಿದ್ದುದು ವಾರದಲ್ಲಿ ನಾಲ್ಕೈದು ದಿನ ಮಾತ್ರ. ಉಳಿದ ದಿನ ತಾನು ಹೋಗಿಬಂದ ಯಾವುದಾದರೊಂದು ಊರಿನ ಸಿಂದಿ, ಅಂದರೆ ಈಚಲ ಹೆಂಡ, ಅದರಲ್ಲಿ ತುಳುಕುತ್ತ ಸವದತ್ತಿಗೆ ಬರುತ್ತಿತ್ತು.

ಮಡಿವಾಳೆಪ್ಪ ಹೊಲಿಗೆ ಮಷೀನಿನಿಂದ ಕಾಲು ತೆಗೆದ. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಗೆಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿದ. ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನೀಲಕಂಠ ಮಾಸ್ತರರು ಪೇಪರ್ ಕೆಳಗಿಳಿಸಿದರು.

"ಬೈಲಹೊಂಗಲದ್ದಲ್ಲ" ಎಂದ ಮಡಿವಾಳೆಪ್ಪ. "ಅಲ್ಲೀದು ಕರೀ ಎರಿ ಮಣ್ಣಿನ ಗಿಡ, ಸಿಹಿ ಮುಂದ ಬರತೈತಿ. ಇದರಾಗ ಹುಳಿ ಮುಂದ ಬಂತು. ಉಸುಕಿನ್ಯಾಗಿನ ಗಿಡ ಇದು. ರಾಮದುರ್ಗದ ಕಡೀದು. ಮುಂಜಾನಿ ಮಡಕಿ ಇಳಸೂದು ತಡಾ ಮಾಡ್ಯಾರ."

"ಥೂ ನಿನ್ನ! ಊರಷ್ಟ ಹೇಳಂದ್ರ ಇಳಿಸಿದ ಹೊತ್ತೂ ಹೇಳತೀಯಲ್ಲೋ!" ಎಂದು ನಿಂಗರಾಜ ತೊಡೆ ತಟ್ಟಿದ.

ಈಚಲು ಗಿಡದ ಕೊರಳು ಕೆತ್ತಿ ಮಡಕೆ ಕಟ್ಟಿದರೆ ಇರುಳೆಲ್ಲ ಹನಿಹನಿಯಾಗಿ ಇಳಿಯುವ ರಸ ಎಲ್ಲ ಊರಿನಲ್ಲೂ ಒಂದೇ ಎಂದು ತಿಳಿದವರು ಈ ಮೂವರ ಮುಂದೆ ಬಾಯಿ ತೆರೆಯುವ ಹಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಅವರದು ಇದೇ ಜಗಳ. ನಿಂಗರಾಜನಿಗೆ ರಾಮದುರ್ಗದ್ದು ಬಿಟ್ಟರೆ ಉಳಿದದ್ದೆಲ್ಲ ಕಲಗಚ್ಚು. ಮಾಸ್ತರರು ಕಿತ್ತೂರಿನ ಕಡೆ. ಅಲ್ಲಿಯ ನೀರೇ ಬೇರೆ ಎಂದು ಅವರ ವಾದ. ಅವರು ಸಿಂದಿಯನ್ನು ಔಷಧವೆಂದು ಹೇಳಿ ಮೂಗು ಹಿಡಿದೇ ಕುಡಿಯುತ್ತಿದ್ದರು, ಆದರೆ ಅಭಿಪ್ರಾಯ ಎಲ್ಲರಿಗಿಂತ ಹೆಚ್ಚು ಅವರಿಗೇ ಇತ್ತು. ಮಡಿವಾಳೆಪ್ಪ ಯಾವ ಪಕ್ಷವನ್ನೂ ಹಿಡಿಯುತ್ತಿರಲಿಲ್ಲ. ಅವನು ತೀರ್ಪು ಕೊಡುವವನು. ಅವನ ನಾಲಗೆ ಒಪ್ಪಿದರೆ ಆ ಸಿಂದಿಯ ಅಂಗಡಿಯ ಮುಂದೆ ಮರುದಿನವೇ ಮಂದಿ ಸೇರುತ್ತಿದ್ದರು.

"ಇನ್ನ ಈ ಜಗಳಾ ಮುಗೀತು ಬಿಡ್ರಿ" ಎಂದು ಮಾಸ್ತರರು ಪೇಪರನ್ನು ಮಡಿಚಿ ಸುದ್ದಿಯ ಮೇಲೆ ಬೆರಳಿಟ್ಟರು. "ಈ ತಿಂಗಳ ಕೊನೀಗಿ ಸಿಂದಿ ಅಂಗಡಿ ಎಲ್ಲಾ ಬಂದ್. ಸರ್ಕಾರದ ಹುಕುಂ ಬಂದೈತಿ."

ನಿಂಗರಾಜ ಡಬ್ಬಿಯ ಮುಚ್ಚಳ ಹಾಕಿದ. "ಅಂದ್ರ ಬಾರಿನ್ಯಾಗ ಕುಂತು ಬೀರ್ ಕುಡೀಬೇಕು. ಬೈಲಹೊಂಗಲದಾಗ ಕುಡದರೂ ಅದs ಬಾಟ್ಲಿ, ಕಿತ್ತೂರಾಗ ಕುಡದರೂ ಅದs ಬಾಟ್ಲಿ. ಅದರ ಸಲುವಾಗಿ ಏನಂತ ಜಗಳಾಡೂದ್ರಿ ಮಾಸ್ತರ?"

ಮಡಿವಾಳೆಪ್ಪ ಮತ್ತೆ ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಲು ಹೋದ. ಮೂರು ಸಲ ತಪ್ಪಿತು. ತಿಂಗಳ ಕೊನೆಗೆ ಇನ್ನು ಎಂಟೇ ದಿನ ಇತ್ತು, ಮತ್ತು ಅವನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಕೆಂಚವ್ವನ ಸಿಂದಿ ಇನ್ನೊಂದು ಸಲ ಕುಡಿಯದೆ ಇದು ಮುಗಿಯಬಾರದು.

ಹದಿನಾಲ್ಕು ವರ್ಷದಿಂದ ಅವನು ಅದನ್ನು ಕುಡಿದಿರಲಿಲ್ಲ. ಕುಡಿಯದಂತೆ ಮಾಡಿಕೊಂಡವನೂ ಅವನೇ.

ಕೆಂಚವ್ವನ ಗುಡಿಸಲು ಮುನವಳ್ಳಿಯ ಸೇತುವೆ ದಾಟಿದ ಮೇಲೆ ಹಳ್ಳದ ದಂಡೆಯಲ್ಲಿತ್ತು. ಗಂಡ ಸತ್ತಾಗ ಅವಳಿಗೆ ಮೂವತ್ತೂ ತುಂಬಿರಲಿಲ್ಲ. ಮೈದುನ ದುರ್ಗಪ್ಪ ಗಿಡ ಹತ್ತುತ್ತಿದ್ದ. ಮಡಕೆ ತೊಳೆಯುವುದು, ಸೋಸುವುದು, ಅಳೆದು ಕೊಡುವುದು ಅವಳ ಕೆಲಸ. ಖಾಲಿ ಮಡಕೆಗಳನ್ನು ಸಂಜೆ ಜಾಲಿ ಕಟ್ಟಿಗೆಯ ಹೊಗೆಯ ಮೇಲೆ ಬೋರಲು ಹಾಕಿ, ಕೆಳಗಿಳಿಸಿ ಮೈದುನನ ಕೈಗೆ ಕೊಡುತ್ತಿದ್ದಳು. ಇದರಿಂದ ಅವಳ ಸಿಂದಿಗೆ ಬರುತ್ತಿದ್ದ ರುಚಿ ಮಡಿವಾಳೆಪ್ಪನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಸೋಮವಾರಕ್ಕೊಮ್ಮೆ ಅಂಗಡಿ ಮುಚ್ಚಿ, ಯಾರದೋ ಅಂಗಿಯ ಅಳತೆ ತರಬೇಕೆಂದು ಮನೆಯಲ್ಲಿ ಹೇಳಿ ಸೇತುವೆ ದಾಟುತ್ತಿದ್ದ. ಎರಡು ಲೋಟ ಕುಡಿದು, ನಾಲ್ಕು ಮಾತಾಡಿ ಬರುತ್ತಿದ್ದ. ಅವನಿಗೆ ಬೇಕಾದದ್ದು ಆ ರುಚಿಯೋ, ಅದನ್ನು ಅಳೆದು ಕೊಡುವ ಕೈಯೋ, ಬಿಡಿಸಿ ಹೇಳು ಎಂದರೆ ಅವನಿಗೇ ಬರುತ್ತಿರಲಿಲ್ಲ.

ಆಗ ಒಂದು ಪದ್ಧತಿ ಇತ್ತು. ಹಂಗಾಮು ಶುರುವಾದಾಗ ಸುತ್ತಲಿನ ಅಂಗಡಿಗಳವರು ತಮ್ಮ ಮೊದಲ ಮಡಕೆಯನ್ನು ಸವದತ್ತಿಯ ಅಂದಾನೆಪ್ಪನ ಅಂಗಡಿಯ ಹಿತ್ತಲಿಗೆ ತರುತ್ತಿದ್ದರು. ಮಡಕೆಗಳನ್ನು ಅದಲು ಬದಲು ಮಾಡಿ ಸಾಲಾಗಿ ಇಟ್ಟರೆ, ಮಡಿವಾಳೆಪ್ಪ ಒಂದೊಂದನ್ನೇ ಕುಡಿದು ಗುಣದೋಷ ಹೇಳಬೇಕು. ಯಾವ ಮಡಕೆ ಯಾರದೆಂದು ಕೊನೆಗೆ ತಿಳಿಸುತ್ತಿದ್ದರು. ಅಂದಾನೆಪ್ಪನೂ ಒಳ್ಳೆಯ ಕಸುಬುದಾರ. ಮರಳು ಹಾಕಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದ ಮಡಕೆ ಅವನದು. ಅವನ ಸಿಂದಿಯಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ.

ಆ ವರ್ಷ ಕೆಂಚವ್ವ ಮೊದಲ ಸಲ ತಾನೇ ಮಡಕೆ ಹೊತ್ತು ಬಂದಿದ್ದಳು. ತಲೆಯ ಮೇಲೆ ಸೆರಗು ಹೊದ್ದು ಗೋಡೆಯ ಬದಿಗೆ ನಿಂತಿದ್ದಳು. ಮಡಿವಾಳೆಪ್ಪ ನಾಲ್ಕನೆಯ ಲೋಟ ಎತ್ತಿದಾಗ ಹಿಂದಿನಿಂದ ಯಾರೋ, "ಮಡಿವಾಳೆಪ್ಪ ಸೇತುವಿ ದಾಟೂದು ಸಿಂದಿಗೋ, ಸಿಂದಿ ಮಾರಾಕಿಗೋ?" ಎಂದರು. ಹಿತ್ತಲೆಲ್ಲ ನಕ್ಕಿತು. ಅಷ್ಟರಲ್ಲಿ ಗುಟುಕು ಅವನ ಬಾಯಿಗೆ ಬಿದ್ದಾಗಿತ್ತು, ಅದು ಯಾರ ಮಡಕೆಯದೆಂದು ಅವನಿಗೆ ಗೊತ್ತೂ ಆಗಿತ್ತು. ಈಗ ಹೊಗಳಿದರೆ ಯಾರನ್ನು ಹೊಗಳಿದಂತೆ ಕೇಳಿಸುತ್ತದೆ ಎಂಬುದೂ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಅನ್ನಪೂರ್ಣಾ ಎರಡನೆಯದಕ್ಕೆ ತುಂಬು ಬಸುರಿ. ಲೋಟ ಕೆಳಗಿಟ್ಟು, ಏನಾದರೊಂದು ಕೊರತೆ ಹೇಳಬೇಕಲ್ಲ ಎಂದು, ಬಾಯಿಯಲ್ಲಿ ಇನ್ನೂ ಉಳಿದಿದ್ದ ರುಚಿಯನ್ನೇ ಹೇಳಿಬಿಟ್ಟ.

"ಹೊಗಿ ವಾಸನಿ ಹೊಡೀತೈತಿ" ಎಂದ. ಅಂದಾನೆಪ್ಪನ ಮಡಕೆ ಮೊದಲನೆಯದೆಂದು ತೀರ್ಪಾಯಿತು.

ಮಂದಿಯ ಬಾಯಿಗೆ ಅಷ್ಟು ಸಾಕಾಯಿತು. ಅಲ್ಲಿಯ ತನಕ ಅವಳ ಸಿಂದಿಯನ್ನು ಗಟಗಟ ಕುಡಿದು ಮೀಸೆ ಒರೆಸಿಕೊಂಡವರೂ, ಹೌದ್ಹೌದು, ಹೊಗಿ ಹೊಡೀತೈತಿ ಎನ್ನತೊಡಗಿದರು. ಮಡಿವಾಳೆಪ್ಪ ನಾಚಿಕೆಯಿಂದ ಮತ್ತೆ ಸೇತುವೆ ದಾಟಲಿಲ್ಲ. ಐದಾರು ವರ್ಷವಾದ ಮೇಲೆ ನಿಂಗರಾಜ, "ಕೆಂಚವ್ವಂದು ಈಗ ಸುಧಾರಿಸೇತಿ ನೋಡಪಾ" ಎಂದಾಗ ಅವನು ಒಳಗೊಳಗೇ ನಕ್ಕಿದ್ದ. ಅವಳದು ಸುಧಾರಿಸಿಲ್ಲ, ಈಗ ನಿಮ್ಮ ನಾಲಗೆ ಸುಧಾರಿಸಿದೆ ಮಕ್ಕಳಾ ಎಂದುಕೊಂಡಿದ್ದ. ನಿಂಗರಾಜ ಅವಳದನ್ನು ಡಬ್ಬಿಯಲ್ಲಿ ತಂದರೆ ಮಾತ್ರ ಬೇಡ ಎನ್ನುತ್ತಿದ್ದ. ಅದನ್ನು ಅವಳ ಕೈಯಿಂದಲೇ ಕುಡಿಯಬೇಕೆಂಬ ಹಟ ಅವನದು. ಹೋಗುವ ಧೈರ್ಯ ಮಾತ್ರ ಇರಲಿಲ್ಲ.

ತಿಂಗಳು ಮುಗಿಯಲು ಮೂರು ದಿನ ಇದ್ದಾಗ ಅವನು ಬಸ್ಸು ಹತ್ತಿದ. ಈ ಸಲ ಮನೆಯಲ್ಲಿ ಅಳತೆಯ ನೆವ ಹೇಳಲಿಲ್ಲ. "ಮುನವಳ್ಳಿಗಿ ಸಿಂದಿ ಕುಡ್ಯಾಕ ಹೊಂಟೇನಿ" ಎಂದ. ಅನ್ನಪೂರ್ಣಾ ಅವನ ಮುಖ ನೋಡಿ, "ಈ ವಯಸ್ಸಿನ್ಯಾಗ ಖರೇ ಹೇಳೂದು ಕಲ್ತ್ರಿ, ಹೋಗಿಬರ್ರಿ" ಎಂದು ಛತ್ರಿ ತಂದುಕೊಟ್ಟಳು.

ಗುಡಿಸಲಿನ ಮುಂದೆ ಗಿರಾಕಿಗಳಿರಲಿಲ್ಲ. ಮಳೆಗಾಲದ ಬಾಗಿಲಲ್ಲಿ ಗಿಡಗಳು ಸೋರುವುದೂ ಕಡಿಮೆ. ಕೆಂಚವ್ವ ಕಟ್ಟೆಯ ಮೇಲೆ ಕೂತು ಸೋಸುವ ಬಟ್ಟೆ ಒಗೆಯುತ್ತಿದ್ದಳು. ಮುಂದಲೆ ಬೆಳ್ಳಗಾಗಿತ್ತು, ಮೈ ಸ್ವಲ್ಪ ತುಂಬಿತ್ತು. ಅವನನ್ನು ನೋಡಿದವಳೇ ಎದ್ದು ನಿಂತಳು.

"ಅಯ್ಯ, ಟೇಲರ್ ಅಣ್ಣಾರ! ಬರ್ರಿ, ಕುಂದರ್ರಿ. ನೀವು ಬರತೀರಿ ಅಂತ ನಾ ಎಷ್ಟ ವರ್ಷದಿಂದ ದಾರಿ ಕಾಯಾಕ ಹತ್ತೇನ್ರಿ."

ಅಣ್ಣಾರ ಎಂಬ ಮಾತು ಅವನಿಗೆ ಚುಚ್ಚಿತು. ಮೊದಲೂ ಹಾಗೆಯೇ ಕರೆಯುತ್ತಿದ್ದಳು, ಆಗಲೂ ಚುಚ್ಚುತ್ತಿತ್ತು. ಅವಳು ಒಳಗಿನ ಮಡಕೆಯಿಂದ ಲೋಟ ತುಂಬಿ ತಂದು, ಕೊಟ್ಟು, ಎದುರಿಗೆ ನಿಂತಳು.

ಅವನು ಕಣ್ಣು ಮುಚ್ಚಿ ಕುಡಿದ. ಹುಳಿ ಸಿಹಿ ಹದವಾಗಿದ್ದವು. ನೊರೆ ಸಣ್ಣಗಿತ್ತು. ಹೊತ್ತಿಗೆ ಸರಿಯಾಗಿ ಇಳಿಸಿದ್ದರು. ಎಲ್ಲಿಯೂ ತಪ್ಪಿರಲಿಲ್ಲ. ಅದು ಥೇಟ್ ಅಂದಾನೆಪ್ಪನ ಸಿಂದಿ. ಅವನು ಇನ್ನೊಂದು ಗುಟುಕು ಕುಡಿದ, ಮತ್ತೊಂದು ಕುಡಿದ, ತನ್ನ ನಾಲಗೆಗೇ ವಯಸ್ಸಾಯಿತೇ ಎಂದು ಗಾಬರಿಗೊಂಡ.

"ಇದು ಬ್ಯಾರೇ ಮಡಕೀದೇನು?" ಎಂದು ಕೇಳಿದ.

ಕೆಂಚವ್ವನ ಮುಖ ಅರಳಿತು. "ಹೊಗಿ ಹೋಗೇತಿ ಹೌದಲ್ರಿ? ನೀವು ಅಂದ ಮರುದಿನಾನs ಹೊಗಿ ಹಾಕೂದು ಬಿಟ್ಟೆ. ಆದರ ಹಳೀ ಮಡಕ್ಯಾಗ ವಾಸನಿ ಹೊಕ್ಕಿರತೈತಲ್ರಿ, ಹೊರಗ ಬರವೊಲ್ತು. ದಿನಾ ಉಸುಕು ಹಾಕಿ ತಿಕ್ಕೇನಿ. ಆಮ್ಯಾಲ ಒಂದೊಂದs ಒಡದು ಹೊಸಾವು ತಂದೆ. ದುರ್ಗಪ್ಪ ಬ್ಯಾಡ ಬ್ಯಾಡ ಅಂದ, ಇದ್ದಂಗ ಇರಲಿ ವೈನಿ ಅಂದ. ನಾನs ಹಟಾ ಹಿಡದೆ. ಮಡಿವಾಳೆಪ್ಪಣ್ಣಾರ ನಾಲಿಗಿ ಸುಳ್ಳ ಹೇಳೂದಿಲ್ಲೋ ಅಂದೆ."

"ನೀ ಕುಡದು ನೋಡಲಿಲ್ಲೇನು? ಯಾವುದು ಛಲೋ ಅಂತ ನಿನಗ..."

"ನಾವು ಬಾಯಿಗಿ ಹಚ್ಚಂಗಿಲ್ಲಲ್ರಿ. ಅಳದು ಕೊಡಾಕಿ ಕುಡೀಬಾರ್ದು, ಅದು ನಮ್ಮ ಅತ್ತಿ ಹಾಕಿದ ಕಟ್ಟು. ಈ ಮನೀಗಿ ಬಂದಾಗಿಂದ ಒಂದ ಹನೀನೂ ಮುಟ್ಟಿಲ್ಲ. ಕುಡಿಯಾವರ ಮಾರಿ ನೋಡೂದು, ಅವರು ಅಂದದ್ದು ಕೇಳೂದು, ಅಷ್ಟ. ನೀವು ಒಮ್ಮಿ ಬಂದು ಸುಧಾರಿಸೇತಿ ಅಂದ್ರ ಸಾಕಾಗಿತ್ತು ನನಗ. ಈಗ ಹೇಳ್ರಿ ಅಣ್ಣಾರ. ಅಂದಾನೆಪ್ಪನ ಸರಿಸಮಾ ಆಗೇತ್ಯೋ ಇಲ್ಲೋ?"

ಮಡಿವಾಳೆಪ್ಪ ಲೋಟ ಕೆಳಗಿಟ್ಟ. ಆಗೇತಿ ಎಂದು ಒಂದು ಮಾತು ಹೇಳಿ, ಉಳಿದದ್ದನ್ನು ಕುಡಿದು ಎದ್ದರೆ ಮುಗಿಯಿತು. ಮೂರು ದಿನ ಕಳೆದರೆ ಅಂದಾನೆಪ್ಪನದೂ ಇಲ್ಲ, ಇವಳದೂ ಇಲ್ಲ. ಅವಳು ಸಂತೋಷದಿಂದ ಅಂಗಡಿ ಮುಚ್ಚುತ್ತಾಳೆ. ಆ ಮಾತು ಅವನ ತುಟಿಯ ತನಕ ಬಂದಿತ್ತು. ಆದರೆ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಒಂದು ಹನಿ ಕುಡಿಯದೆ ಇಷ್ಟು ವರ್ಷ ಇದೇ ಮುಖವನ್ನು ನಂಬಿದ್ದಳು. ಇನ್ನೊಮ್ಮೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಕೆಂಚವ್ವ, ಅವತ್ತು ನಾ ಸುಳ್ಳ ಹೇಳಿದೆ" ಎಂದ. "ಎಲ್ಲಾದಕ್ಕಿಂತ ನಿಂದs ಛಲೋ ಇತ್ತು. ಆ ಹೊಗಿ ಸಲುವಾಗೇ ಛಲೋ ಇತ್ತು. ಮಂದಿ ನಿನ್ನ ನನ್ನ ಹೆಸರು ಕೂಡಿಸಿ ನಕ್ಕರು, ನಾ ಹೆದರಿದೆ."

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಟ್ಟೆಯ ಮೇಲೆ ಕೂತಳು. ಒಗೆದ ಬಟ್ಟೆಯನ್ನು ಎತ್ತಿ ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ನಕ್ಕದ್ದು ನನಗೂ ಕೇಳಿಸಿತ್ರಿ" ಎಂದಳು. "ನನ್ನ ಮ್ಯಾಲೂ ನಕ್ಕಿದ್ರು. ನಾ ಮಡಕಿ ಬಿಟ್ಟ ಓಡಿ ಹೋಗಿದ್ದಿಲ್ಲ." ಧ್ವನಿ ಏರಿರಲಿಲ್ಲ. "ಹದಿನಾಕ ವರ್ಷ ತಿಕ್ಕೇನ್ರಿ. ನಿಮಗ ಬೇಕಾದದ್ದನ್ನs ತಿಕ್ಕಿ ತಿಕ್ಕಿ ತಗದೆ?"

"ಹೌದು" ಎಂದ ಮಡಿವಾಳೆಪ್ಪ. "ಇನ್ನೂ ಮೂರು ದಿನ ಐತಿ. ಒಂದ ಮಡಕಿ, ಮೊದಲಿನಂಗ..."

"ಎಲ್ಲಿ ತರಲ್ರಿ? ಹತ್ತಾರು ವರ್ಷ ಹೊಗಿ ಕುಡದ ಮಡಕಿ ಅವು, ನಮ್ಮ ಅತ್ತಿ ಕಾಲದಾವು. ಹೊಸಾ ಮಡಕಿಗಿ ಒಂದ ದಿನಾ ಹೊಗಿ ಹಾಕಿದ್ರ ಬರೂದಿಲ್ಲದು."

ಹಳ್ಳದಾಚೆ ಗಿಡದ ತುದಿಯಲ್ಲಿದ್ದ ದುರ್ಗಪ್ಪ ಯಾರು ಬಂದಾರ ಎಂದು ಕೂಗಿ ಕೇಳಿದ. ಅವಳು ಎದ್ದು ಒಳಗೆ ಹೋದಳು. ಇನ್ನು ಹೊರಗೆ ಬರುವುದಿಲ್ಲವೆಂದು ಮಡಿವಾಳೆಪ್ಪ ಛತ್ರಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ಇನ್ನೊಂದು ಲೋಟ ಹಿಡಿದು ಬಂದು ಅವನ ಎದುರಿಗೇ ಕೂತಳು. ಲೋಟದಲ್ಲಿ ಅರ್ಧ ಸಿಂದಿ ಇತ್ತು. ಮೂರು ದಿನದ ಮೇಲೆ ಅತ್ತೆಯ ಕಟ್ಟು ಯಾರಿಗೆ ಬೇಕು ಎಂದುಕೊಂಡಳೋ ಏನೋ, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಹೆಂಗಿತ್ತು ಅಂತ ಹೇಳ್ರಿ" ಎಂದಳು. "ಅವತ್ತು ಎಲ್ಲಾರ ಮುಂದ ಏನ ಹೇಳಬೇಕಂತ ಇತ್ತು, ಅದನ್ನs ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಮಡಿವಾಳೆಪ್ಪ ಕಣ್ಣು ಮುಚ್ಚಿದ. "ಲೋಟ ತುಟಿಗಿ ತಂದಾಗ ಮೊದಲ ಹೊಗಿ ಬರತಿತ್ತು. ಸುಟ್ಟ ವಾಸನಿ ಅಲ್ಲ. ಹೊಲದಿಂದ ಮನೀಗಿ ಹೊಂಟಾಗ, ಇನ್ನೂ ಊರು ದೂರ ಇರೂವಾಗ, ಯಾರದೋ ಮನಿ ಒಲಿ ಹತ್ತಿದ್ದು ಗೊತ್ತಾಗತೈತಲ್ಲ, ಅಷ್ಟs. ಅದು ಹೋತು ಅನ್ನೂದ್ರಾಗ ಸಿಹಿ ಬರತಿತ್ತು..."

ಅವನು ಹೇಳುತ್ತ ಹೋದ. ಬಾಯಿ ತೊದಲಿತು, ಹೇಳಿದ್ದನ್ನೇ ಮತ್ತೆ ಹೇಳಿದ, ಆದರೆ ನಿಲ್ಲಿಸಲಿಲ್ಲ. ನಡುವೆ ಒಮ್ಮೆ ಕಣ್ಣು ತೆರೆದಾಗ ಕೆಂಚವ್ವನ ಲೋಟ ಖಾಲಿಯಾಗಿ ಅವಳ ಮಡಿಲಲ್ಲಿತ್ತು. ಕೆನ್ನೆ ಸ್ವಲ್ಪ ಉಬ್ಬಿತ್ತು. ಬಾಯಿಯಲ್ಲಿದ್ದ ಕೊನೆಯ ಗುಟುಕನ್ನು ನುಂಗದೆ ಹಾಗೆಯೇ ಇಟ್ಟುಕೊಂಡು, ಅವಳು ಕೇಳುತ್ತಿದ್ದಳು.