ಉಪ್ಪುನೀರಿನ ತೊಟ್ಟಿಗೆ ತವರಿನ ನೀರು

ನಮ್ಮ ಮನೆಯ ಸಮುದ್ರ ಎಂಬತ್ತು ಲೀಟರಿನದು. ತೀರ್ಥಹಳ್ಳಿಯ ಬಾಡಿಗೆ ಮನೆಯ ಹಾಲಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ ಗಾಜಿನ ತೊಟ್ಟಿಯಾಗಿ ಕೂತಿದೆ. ಒಳಗೆ ನಾಲ್ಕು ಕಲ್ಲು, ಒಂದಿಷ್ಟು ಮರಳು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಮದುವೆಯಾಗಿ ಹತ್ತು ವರ್ಷವಾದಾಗ ನನ್ನ ಗಂಡ ಉಮೇಶ್, ಸೀರೆ ಬೇಕಾ ಬಳೆ ಬೇಕಾ ಎಂದು ಕೇಳಿದ್ದರು. ನಾನು ಕಡಲ ಮೀನು ಬೇಕೆಂದೆ. ಕೇಳಿದ್ದೇ ತಪ್ಪಾಯಿತು ಅಂತ ಅವರಿಗೆ ಅನ್ನಿಸಿರಬೇಕು.

ಕಳೆದ ತಿಂಗಳು ಅವೆರಡೂ ಸಾಯುವ ಹಾಗಾದವು. ಮೂರು ದಿನ ತಿಂಡಿ ಮುಟ್ಟಲಿಲ್ಲ. ದೊಡ್ಡದು ಕಲ್ಲಿಗೆ ಒರಗಿ ಏದುಸಿರು ಬಿಡುತ್ತಿತ್ತು. ತೊಟ್ಟಿಯ ನೀರನ್ನು ಪರೀಕ್ಷೆಯ ಕೊಳವೆಗೆ ಹಾಕಿ ಔಷಧ ಬೆರೆಸಿದರೆ ತಿಳಿ ಹಳದಿ ಇರಬೇಕಾದದ್ದು ಕಡುಗೆಂಪು. ನೈಟ್ರೇಟ್ ನೂರು ದಾಟಿದೆ ಎಂದರ್ಥ. ಮೀನಿನ ಹೊಲಸು, ಉಳಿದ ತಿಂಡಿ ಎಲ್ಲ ಕೊಳೆತು ಕೊನೆಗೆ ಆಗುವುದು ಅದೇ. ನಮ್ಮ ಪುಟ್ಟ ಫಿಲ್ಟರಿಗೆ ಅದನ್ನು ತೆಗೆಯುವ ಶಕ್ತಿ ಇಲ್ಲ, ನೀರು ಬದಲಿಸಿಯೇ ತೆಗೆಯಬೇಕು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಿಂಡಿ ಅರ್ಧಕ್ಕಿಳಿಸಿದೆ. ಫಿಲ್ಟರಿನ ಸ್ಪಂಜು ಹಿಂಡಿದೆ. ಮರಳಿನ ಕೊಳೆಯನ್ನು ಪೈಪಿನಲ್ಲಿ ಎಳೆದೆ. ಕದ್ದು ತಿಂಡಿ ಹಾಕಿದ್ದೀರಿ ಎಂದು ಉಮೇಶ್ ಮೇಲೆ ಹರಿಹಾಯ್ದೆ. ಪಾಪ, ಬೈಕಿನ ಬಿಡಿಭಾಗ ಮಾರುವ ಮನುಷ್ಯ, ತೊಟ್ಟಿಯ ಮುಚ್ಚಳ ಮುಟ್ಟಿದವರೇ ಅಲ್ಲ. ವಾರಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸತೊಡಗಿದೆ. ಆದರೂ ಕೆಂಪು ಇಳಿಯಲೇ ಇಲ್ಲ.

"ಆ ಕ್ಯಾನಿನ ನೀರನ್ನೇ ಒಂದ್ಸಲ ಟೆಸ್ಟ್ ಮಾಡಬಾರ್ದಾ?" ಎಂದರು ಉಮೇಶ್.

ಎಲ್ಲಿತ್ತೋ ಸಿಟ್ಟು! ಕ್ಯಾನಿನ ನೀರೆಂದರೆ ನನ್ನ ತವರಿನ ನೀರು. ಮೇಗರವಳ್ಳಿಯ ಹತ್ತಿರ ನಮ್ಮ ಮನೆಯ ಹಿಂದಿನ ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ಊರು ಬಿಟ್ಟು ಪೇಟೆ ಸೇರಿದ ನಮ್ಮಂಥವರಿಗೆ ಈ ಚಟ ಇದ್ದೇ ಇದೆ. ನಲ್ಲಿ ನೀರಿಗೆ ಬ್ಲೀಚಿಂಗ್ ವಾಸನೆ ಎಂದು ಮೂಗು ಮುರಿದು ಊರಿನ ನೀರು ಹೊತ್ತು ತರುತ್ತೇವೆ. ಕುಡಿಯುವುದಕ್ಕೂ ಅದೇ, ಉಪ್ಪು ಬೆರೆಸಿ ತೊಟ್ಟಿಗೆ ಹಾಕುವುದಕ್ಕೂ ಅದೇ. ಪ್ರತಿ ಭಾನುವಾರ ನಾನು ಹೋಗುವಷ್ಟರಲ್ಲಿ ಅಪ್ಪಯ್ಯ ನಾಲ್ಕು ಕ್ಯಾನ್ ತುಂಬಿಸಿ ಜಗಲಿಯಲ್ಲಿಟ್ಟಿರುತ್ತಿದ್ದರು. ಮನೆ ತುಂಬ ಅಣ್ಣ, ಅತ್ತಿಗೆ, ಮಕ್ಕಳು ಇದ್ದರೂ ಆ ಕೆಲಸ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಖಾಲಿ ಕ್ಯಾನ್ ಇಳಿಸಿ, ತುಂಬಿದ್ದನ್ನು ಕಾರಿಗೇರಿಸಿ, ನಿಂತಲ್ಲೇ ಕಾಫಿ ಕುಡಿದು ನಾನು ವಾಪಸ್.

"ನಮ್ಮಪ್ಪಯ್ಯನ ನೀರಿಗೆ ಹೆಸರಿಡ್ತೀರಾ? ನಿಮ್ಮೂರ ಬಾವಿ ನೀರಲ್ಲಿ ಬೇಳೆನೇ ಬೇಯಲ್ಲ. ಅದನ್ನ ಟೆಸ್ಟ್ ಮಾಡ್ಸಿ ಮೊದ್ಲು!"

ಉಮೇಶ್ ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಮರುದಿನ ಬೆಳಗ್ಗೆ ಚಿಕ್ಕ ಮೀನೂ ಒಂದು ಕಡೆ ವಾಲಿ ಈಜುತ್ತಿತ್ತು. ಉಮೇಶ್ ಸ್ನಾನಕ್ಕೆ ಹೋದದ್ದು ನೋಡಿಕೊಂಡು ಕ್ಯಾನಿನ ನೀರು ಐದು ಮಿಲಿ ಕೊಳವೆಗೆ ಹಾಕಿದೆ. ಔಷಧ ಬಿಟ್ಟೆ, ಕುಲುಕಿದೆ, ಗಡಿಯಾರ ನೋಡುತ್ತ ಕೂತೆ. ಬಣ್ಣ ಹಳದಿಯಲ್ಲಿ ನಿಲ್ಲಲಿಲ್ಲ. ಕೊಳವೆ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ತೊಳೆದು ಇನ್ನೊಮ್ಮೆ ಮಾಡಿದೆ. ತೊಟ್ಟಿಯಷ್ಟಲ್ಲದಿದ್ದರೂ ಕೆಂಪೇ. ಆವಿಯಾದಷ್ಟು ನೀರನ್ನು ದಿನಾ ತುಂಬುತ್ತಿದ್ದೆನಲ್ಲ, ನೀರು ಹಾರಿಹೋಗಿ ಅದರಲ್ಲಿದ್ದದ್ದೆಲ್ಲ ತೊಟ್ಟಿಯಲ್ಲೇ ಉಳಿದಿತ್ತು. ಮೀನಿಗೆ ನಾನೇ ಕೈಯಾರೆ ವಿಷ ಹಾಕಿದ್ದೆ.

ತಲೆ ಒರೆಸಿಕೊಳ್ಳುತ್ತ ಬಂದ ಉಮೇಶ್ ಕೊಳವೆ ನೋಡಿದರು, ನನ್ನ ಮುಖ ನೋಡಿದರು. ನಾನು ಹೇಳಲಿಲ್ಲವಾ ಎಂದಿದ್ದರೆ ಜಗಳವಾಡಬಹುದಿತ್ತು. ಅವರು ಅದನ್ನೂ ಅನ್ನದೆ ಹೋಗಿ ಎರಡು ಕ್ಯಾನ್ ಆರ್‌ಒ ನೀರು ತಂದಿಟ್ಟರು. ಅದಕ್ಕೆ ಉಪ್ಪು ಬೆರೆಸಿ ದಿನಕ್ಕಿಷ್ಟು ಎಂದು ಬದಲಿಸಿದೆ. ಮೂರನೇ ದಿನ ದೊಡ್ಡದು ತಿಂಡಿಗೆ ಬಾಯಿ ಹಾಕಿತು, ನಾಲ್ಕನೇ ದಿನ ಚಿಕ್ಕದು. ಅದೆಲ್ಲ ಆಮೇಲಿನ ಮಾತು. ಆ ಬೆಳಗ್ಗೆ ನನಗೆ ಹೊಳೆದದ್ದು ಬೇರೆ, ತವರಿನಲ್ಲಿ ಮಕ್ಕಳುಮರಿಯೆಲ್ಲ ಅದೇ ನೀರು ಕುಡಿಯುತ್ತಿದ್ದಾರೆ. ಕೂಡಲೇ ಫೋನ್ ಮಾಡಿದೆ.

"ಅಪ್ಪಯ್ಯ, ಅಬ್ಬಿ ನೀರು ಕುಡೀಬೇಡಿ. ಕೆಟ್ಟಿದೆ."

"ಅದು ಅಬ್ಬಿ ನೀರಲ್ಲ ಮಾರಾಯ್ತಿ," ಎಂದರು ಅಪ್ಪಯ್ಯ. "ಕೆಳಗಿನ ಶುಂಠಿ ಗದ್ದೆ ಬೋರಿಂದು. ಅಬ್ಬಿ ನಿಂತು ಎರಡು ವರ್ಷ ಆತು."

ಶುಂಠಿಗೆ ಸುರಿಯುವ ಗೊಬ್ಬರ ಎಷ್ಟೆಂದು ನನಗೆ ಗೊತ್ತು. ಅದೆಲ್ಲ ವರ್ಷದಿಂದ ವರ್ಷಕ್ಕೆ ಇಳಿದು ಬೋರಿನ ನೀರಿಗೆ ಸೇರಿದೆ. ಅಣ್ಣನಿಗೆ ಹೇಳಿ, ಇವತ್ತೇ ಬೇರೆ ನೀರು ನೋಡಿ, ಇದನ್ನು ಲ್ಯಾಬಿಗೆ ಕೊಡಿ ಎಂದೆ. ಎಲ್ಲದಕ್ಕೂ ಹೂಂಗುಟ್ಟಿದರು.

"ಅಬ್ಬಿ ನಿಂತಿದ್ದು ನಂಗ್ಯಾಕೆ ಹೇಳ್ಲಿಲ್ಲ ಅಪ್ಪಯ್ಯ?"

"ಹೇಳಿದ್ರೆ ನೀನು ನೀರಿಗೆ ಬತ್ತಿರ್ಲಿಲ್ಲಲ್ಲ."

ಎರಡು ವರ್ಷ, ಪ್ರತಿ ಭಾನುವಾರ, ಈ ವಯಸ್ಸಿನಲ್ಲಿ ಗದ್ದೆಗಿಳಿದು ನಾಲ್ಕು ಕ್ಯಾನ್ ತುಂಬಿಸಿ ಹೊತ್ತು ತಂದಿದ್ದಾರೆ. ನಾನು ನಿಲ್ಲುತ್ತಿದ್ದದ್ದು ಹತ್ತು ನಿಮಿಷ.

"ಈ ಭಾನುವಾರ ಬೆಳಿಗ್ಗೆನೇ ಬರ್ತೀನಿ," ಎಂದೆ.

"ಹಂಗಾರೆ ಕ್ಯಾನ್ ತುಂಬ್ಸೋದು ಬ್ಯಾಡಲ್ಲ?"

"ಬೇಡ ಅಪ್ಪಯ್ಯ."

"ಮತ್ತೆ ಎಂತಕ್ಕೆ ಬತ್ತೀಯೆ?"

ಚುಚ್ಚಬೇಕೆಂದು ಕೇಳಿದ ಮಾತಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು.