ಕೈ ಕುಲುಕಿದ ರಾಜ

"ನನ್ನ ಹೆಸರು ಚೆಂದಾಗಿ ಬರೀಬೇಕ ನೋಡಪಾ ಹಣಮಂತ. ರಾಜಗ ಮುಟ್ಟೂದೈತಿ," ಎಂದು ಗುರಲಿಂಗಪ್ಪ ಮೂರನೇ ಸಲ ಹೇಳಿದ.

ಹಣಮಂತ ಸರದಿಯಲ್ಲಿ ಒಂದು ಹೆಜ್ಜೆ ಮುಂದೆ ಸರಿದ. ಚರ್ಚ್‌ಗೇಟ್ ಹತ್ತಿರ, ಪರದೇಶದ ಆ ರಾಜನ ಸರಕಾರದ ಕಚೇರಿಯಲ್ಲಿ ಸೂಟುಬೂಟಿನವರ ನಡುವೆ ಧೋತರದವರು ಇವರಿಬ್ಬರೇ. ಮೇಜಿನ ಮೇಲೆ ತೀರಿಕೊಂಡ ರಾಜನ ಪಟ, ಅದರ ಮುಂದೆ ಸಂತಾಪ ಬರೆಯುವ ದಪ್ಪ ಪುಸ್ತಕ. ಬಂದವರು ಒಂದು ಸಾಲು ಬರೆದು ಸಹಿ ಹಾಕಬೇಕು. ಗುರಲಿಂಗಪ್ಪನಿಗೆ ಅಕ್ಷರ ಬಾರದು. ಹಣಮಂತ ನಾಲ್ಕನೇ ಇಯತ್ತೆ ಕಲಿತವನು; ಬರೆಯಲೆಂದೇ ಅವನನ್ನು ಕರೆತಂದಿದ್ದ.

ಐದು ವರ್ಷದ ಹಿಂದೆ, ಅರವತ್ತೇಳರಲ್ಲಿ, ಪವಾಯಿಯಲ್ಲಿ ಕಾಲೇಜಿನ ಕಟ್ಟಡ ಏಳುತ್ತಿದ್ದಾಗ ಈ ರಾಜ ನೋಡಲು ಬಂದಿದ್ದ. ಗೋಡೆಗೆ ಸಿಮೆಂಟಿನ ಗಿಲಾವು ಮಾಡುವವರನ್ನು ಸಾಲಾಗಿ ನಿಲ್ಲಿಸಿದ್ದರು. ಮೊದಲು ಹಣಮಂತ, ಮಗ್ಗುಲಲ್ಲಿ ಗುರಲಿಂಗಪ್ಪ. ರಾಜ ಕೈ ಚಾಚಿದಾಗ ಹಣಮಂತನ ಕೈತುಂಬ ಸಿಮೆಂಟು. ಅಂಥ ಕೈ ಕೊಡುವುದು ಹೇಗೆ? ಮಠದ ಅಪ್ಪನವರ ಮುಂದೆ ನಿಂತವನಂತೆ ಕಣ್ಣು ಮುಚ್ಚಿ, ತಲೆ ಬಾಗಿಸಿ ಕೈ ಮುಗಿದ. ಕಣ್ಣು ತೆರೆದರೆ ರಾಜ ಗುರಲಿಂಗಪ್ಪನ ಕೈ ಕುಲುಕುತ್ತಿದ್ದ. ಫೋಟೋ ಹೊಡೆದದ್ದೂ ಆಗಲೇ. ಗುರಲಿಂಗಪ್ಪನ ಕೈಯೇನು ಹಾಲಲ್ಲಿ ತೊಳೆದದ್ದೇ? ಅದಕ್ಕೂ ಅಷ್ಟೇ ಸಿಮೆಂಟಿತ್ತು.

ಆ ಫೋಟೋ ಘಾಟ್ಕೋಪರಿನ ಚಾಳಿನಲ್ಲಿ ಗುರಲಿಂಗಪ್ಪನ ಖೋಲಿಯ ಗೋಡೆ ಏರಿತು. ಅದರ ಅಂಚಿನಲ್ಲಿ ಹಣಮಂತನ ಮೊಣಕೈ ಮಾತ್ರ ಇತ್ತು. ಬಂದವರಿಗೆಲ್ಲ ಅದೇ ಪುರಾಣ. ಹಣಮಂತ ಆ ಖೋಲಿಯ ಚಹಾ ಬಿಟ್ಟ. "ರಾಜ ನಿಮ್ಮನ್ನ ದಾಟಿ ಹೋದ ನೋಡ್ರಿ," ಎಂದು ಹೆಂಡತಿ ಸೋಮವ್ವ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದಳು.

ಮೊನ್ನೆ ರಾಜ ಸತ್ತ ಸುದ್ದಿ ಬಂದಾಗ ಹಣಮಂತ ಬೇಕೆಂದೇ ಚುಚ್ಚಿದ್ದ. "ಆಂವ ಎಂಥಾ ರಾಜಲೇ? ಕೈಯಾಗ ಅಧಿಕಾರ ಇಲ್ಲಂತ. ಮಂತ್ರಿಗೋಳು ಬರದದ್ದಕ್ಕ ಸುಮ್ಮ ಸಹಿ ಹಾಕೂದಂತ."

ಗುರಲಿಂಗಪ್ಪ ನಕ್ಕುಬಿಟ್ಟಿದ್ದ. "ಹಂಗಾದ್ರ ನನ್ನಂಗ ಅನ್ನು. ಹಾಜರಿ ಪುಸ್ತಕದಾಗ ಏನ್ ಬರದಿರತಾರೋ ಯಾರಿಗ್ಗೊತ್ತು, ನಾ ಹೆಬ್ಬೆಟ್ಟು ಒತ್ತತೀನಿ."

ಸರದಿ ಬಂತು. ಹಣಮಂತ ಪೆನ್ನು ಹಿಡಿದು ಗುಂಡಗೆ ಬರೆದ: 'ರಾಜರಿಗೆ ಶರಣು. ಹಣಮಂತ, ಪವಾಯಿ.' ಅಷ್ಟೇ. ಐದು ವರ್ಷದ ಉರಿ ಹೊಟ್ಟೆಯಲ್ಲಿ ತಣ್ಣಗಾಯಿತು.

"ಬರದ್ಯಾ?"

"ಬರದೆ."

ಗುರಲಿಂಗಪ್ಪ ಪಟವನ್ನೇ ನೋಡುತ್ತಿದ್ದ. "ಒಂದ್ ಮಾತ ಹೇಳತೀನಿ, ಸಿಟ್ಟಾಗಬ್ಯಾಡ. ಅವತ್ತ ನೀ ಕಣ್ಣ ಮುಚ್ಚಿದ್ದಿ. ಇವರು ಚಾಚಿದ ಕೈ ಹಿಂದ ತಗೊಂಡು, ನಿನ್ನಂಗ ಕೈ ಮುಗದು ತಲಿ ಬಾಗಿಸಿ ನಿಂತ್ರು. ನೀ ತಲಿ ಎತ್ತತೀ ಅಂತ ಕಾದ್ರು. ನೀ ಎತ್ತಲೇ ಇಲ್ಲ. ಆಮ್ಯಾಲ ನನ್ನ ಕಡೆ ಬಂದ್ರು."

ಹಣಮಂತ ಪುಸ್ತಕ ಬಿಟ್ಟು ಅವನತ್ತ ತಿರುಗಿದ. "ಐದ್ ವರ್ಷ ಯಾಕ ಹೇಳ್ಲಿಲ್ಲಲೇ?"

"ಹೊಟ್ಟಿಕಿಚ್ಚು," ಎಂದ ಗುರಲಿಂಗಪ್ಪ. "ನನಗ ಬರೇ ಕೈ ಕೊಟ್ರು. ನಿನಗ ಕೈ ಮುಗದ್ರು. ಇವತ್ತ ಇವರ ಮುಂದ ನಿಂತು ಮುಚ್ಚಿಡಾಕ ಆಗವಲ್ದು." ಹೆಬ್ಬೆರಳು ಮುಂದೆ ಚಾಚಿದ. "ಶಾಯಿ ಹಚ್ಚು. ನನ್ನ ಹೆಸರು ಎಲ್ಲೈತಿ, ತೋರ್ಸು."

ಹಿಂದಿನವರು ಕೆಮ್ಮಿದರು. ಹಣಮಂತ ಪೆನ್ನಿನ ಮೂತಿಯಿಂದ ಆ ಒರಟು ಬೆರಳಿಗೆ ಶಾಯಿ ಸವರಿದ. ಬರೆದ ಒಂದೇ ಒಂದು ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದ.

ಗುರಲಿಂಗಪ್ಪ ಅಲ್ಲೇ ಹೆಬ್ಬೆಟ್ಟು ಒತ್ತಿ, ಪಟಕ್ಕೆ ಕಣ್ಣು ಮುಚ್ಚಿ ಕೈ ಮುಗಿದ.

ಸೂಟಿನವರೊಬ್ಬರು ಪೆನ್ನಿಗೆ ಕೈ ಚಾಚಿದರು. ಹಣಮಂತ ಪೆನ್ನು ಬಿಡಲಿಲ್ಲ; ಹೆಬ್ಬೆಟ್ಟಿನ ಮಗ್ಗುಲಲ್ಲಿ ಇನ್ನೊಂದು ಹೆಸರಿಗೆ ಜಾಗವಿತ್ತು.