ಹೂ ಮುಡಿಸಿದ ಕಾಗದ

ನಮ್ಮ ಮನೆಯ ನಡುಗೋಡೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಗಾಜು ಹಾಕಿಸಿದ ಒಂದು ಇಂಗ್ಲಿಷ್ ಕಾಗದ ತೂಗುತ್ತಿತ್ತು. ಶುಕ್ರವಾರ ದೇವರಿಗೆ ಹೂ ಮುಡಿಸಿದ ಮೇಲೆ ಅವ್ವ ಅದಕ್ಕೂ ಒಂದು ಎಸಳು ಸಿಕ್ಕಿಸುತ್ತಿದ್ದಳು.

ಅವ್ವ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ನಾನು ಚಿಕ್ಕವಳಿದ್ದಾಗ ರುದ್ರಾಣಿ ಎಂಬ ಬಾಣಂತಿ ಅಲ್ಲಿ ರಕ್ತ ನಿಲ್ಲದೆ ಸತ್ತಳು. ಮೂರು ಸಲ ಹೇಳಿಕಳಿಸಿದರೂ ಡಾಕ್ಟರು ಇಸ್ಪೀಟಿನ ಮೇಜು ಬಿಟ್ಟು ಎದ್ದಿರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಹಾಗೆಂದು ಬಾಯಿಬಿಟ್ಟವಳು ಅವ್ವ ಒಬ್ಬಳೇ. ತಿಂಗಳ ಮೇಲೆ ಆ ಕಾಗದ ಬಂತು. ಆಸ್ಪತ್ರೆಯ ಗುಮಾಸ್ತ ಶಾಮಣ್ಣ ಅದನ್ನು ಓದಿ, ನಿನ್ನ ಹೇಳಿಕೆ ಫ್ಯಾಬ್ಯುಲಸ್, ಅಂದರೆ ಅದ್ಭುತ, ಎಂದು ಬರೆದಿದ್ದಾರೆ ಎಂದ. ಅದೇ ವಾರ ಡಾಕ್ಟರಿಗೆ ವರ್ಗವೂ ಆಯಿತು. ನ್ಯಾಯ ಸಿಕ್ಕಿತೆಂದು ಅವ್ವ ಹೋಗಿ ರುದ್ರಾಣಿಯ ತಾಯಿ ಹೊನ್ನಾಜಮ್ಮನಿಗೆ ಹೇಳಿಬಂದಳು. ಆಕೆ ಮೇಲರ್ಜಿಯ ಯೋಚನೆ ಬಿಟ್ಟಳು.

ಕಾಲೇಜು ಸೇರಿದ ವರ್ಷ, ಪದಗಳ ಹುಟ್ಟು ಹೇಳುವ ದಪ್ಪ ನಿಘಂಟಿನಲ್ಲಿ ಆ ಪದ ನನ್ನ ಕಣ್ಣಿಗೆ ಬಿತ್ತು. ಲ್ಯಾಟಿನ್ನಿನಲ್ಲಿ ಫ್ಯಾಬುಲ ಎಂದರೆ ಕತೆ. ಮೊದಲು ಕಟ್ಟುಕತೆಯಂಥದ್ದು, ನಂಬಲಾಗದ್ದು ಎಂದಿದ್ದ ಅರ್ಥ ಬಳಕೆಯಲ್ಲಿ ಸವೆದು ಅದ್ಭುತವಾಯಿತಂತೆ. ಮನೆಗೆ ಓಡಿಬಂದು, ಬಾಡಿದ ಎಸಳು ಸರಿಸಿ, ಅಲ್ಲಿಯವರೆಗೆ ಬರೀ ಪಟವೆಂದೇ ನೋಡುತ್ತಿದ್ದ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ. ಆಯಾಳ ಹೇಳಿಕೆ ಫ್ಯಾಬ್ಯುಲಸ್ ಆದುದರಿಂದ ತಳ್ಳಿಹಾಕಲಾಗಿದೆ, ಡಾಕ್ಟರು ನಿರ್ದೋಷಿ. ವಿಚಾರಿಸಿದಾಗ ತಿಳಿಯಿತು, ಅಂದು ಆದ ವರ್ಗ ಬಡ್ತಿಯ ಮೇಲೆ.

ಹೇಳಿದಾಗ ಅವ್ವ ಅಳಲಿಲ್ಲ. ಮೊಳೆ ಸಮೇತ ಪಟ ಕಿತ್ತುಕೊಂಡು ನೇರ ಶಾಮಣ್ಣನ ಜಗುಲಿಗೆ ಹೋದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ. ನಿನ್ ಮುಖ ನೋಡಿ ಹೇಳಕ್ಕಾಗ್ಲಿಲ್ಲ."

"ಸುಳ್ಳಿ ಅಂತ ಅವ್ರು ಒಂದ್ಸಲ ಅಂದ್ರು. ನೀನು ಹದಿಮೂರು ವರ್ಷ ನನ್ ಕೈಲೇ ಆ ಮಾತಿಗೆ ಹೂ ಮುಡಿಸ್ದೆ."

ಪಟವನ್ನು ಅವನ ಕಾಲಬುಡದಲ್ಲಿ ಒಡೆದು, ಕಾಗದವನ್ನಷ್ಟೇ ಎತ್ತಿಕೊಂಡಳು. ಗಾಜು ತಗುಲಿ ಅವಳ ಬೆರಳಿನಿಂದ ರಕ್ತ ಸೋರುತ್ತಿತ್ತು. ನಾನು ಹಿಡಿಯಹೋದರೆ ಕೊಸರಿಕೊಂಡಳು.

ಅಲ್ಲಿಂದ ಹೊನ್ನಾಜಮ್ಮನ ಮನೆಗೆ ಹೋದಾಗ ಆಕೆ ಅಕ್ಕಿ ಕೇರುತ್ತಿದ್ದಳು. ಅವ್ವ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಮುದುಕಿ ಮೊರ ಕೆಳಗಿಟ್ಟಳು.

"ಅವತ್ತು ನಿನ್ ಮಾತು ಕೇಳಿ ಸುಮ್ನಾದೆ," ಎಂದಳು. "ಇವತ್ತು ನನ್ ಮಾತು ಕೇಳು. ಅರ್ಜಿ ಬರ್ಸು. ಕನ್ನಡದಲ್ಲೇ ಬರ್ಸು."

ಮರುವಿಚಾರಣೆ ನಡೆದು ಆ ಡಾಕ್ಟರ ಕೆಲಸ ಹೋಗಲು ಇನ್ನೂ ಎರಡು ವರ್ಷ ಹಿಡಿಯಿತು. ನನ್ನ ಕಣ್ಣಿನಲ್ಲಿ ಉಳಿದಿರುವುದು ಅರ್ಜಿ ಬರೆದ ಆ ಮಧ್ಯಾಹ್ನ. ನಾನು ಬರೆದು ಮುಗಿಸಿದ ಹಾಳೆಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಒರೆಸಿಕೊಳ್ಳಲು ಬಟ್ಟೆ ಕೊಟ್ಟರೆ ಮುಟ್ಟಲಿಲ್ಲ. ಮಸಿಯ ಬೆರಳುಗಳನ್ನು ಬಿಸಿಲಿಗೆ ಚಾಚಿಕೊಂಡು, ಒಬ್ಬರ ಪಕ್ಕ ಒಬ್ಬರು ಕುಳಿತೇ ಇದ್ದರು.